ಉತ್ತರ ಎಷ್ಟು ಬರೆಯಬೇಕು?

 

ನಾನು 7ನೇ ತರಗತಿಯ ವಿದ್ಯಾರ್ಥಿನಿ. ಈ ಸಲದ ಗೋಡೆ ಪತ್ರಿಕೆಗೆ ಏನು ಬರೆಯಲಿ ಎಂದು ವಿಜ್ಞಾನ ಸರ್ ಅವರನ್ನು ಕೇಳಿದೆ. ಅವರು, "ನಿನಗ ಪರೀಕ್ಷಾದಾಗ ಏನು ನಷ್ಟ ಆತೋ ಅದನ್ನ ಬರಿಯವಾ. ಉಳಿದವರಿಗೆ ಲಾಭ ಆಕ್ಕೈತಿ" ಅಂದರು. ಮೊದಲು ನನಗೆ ನಾಚಿಕೆ ಆಯಿತು. ಆಮೇಲೆ ಬರೆಯೋಣ ಅನಿಸಿತು. ಏಕೆಂದರೆ ಈ ತಪ್ಪು ನಾನೊಬ್ಬಳೇ ಮಾಡುವುದಿಲ್ಲ, ನಮ್ಮ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಾಡುತ್ತೇವೆ.

ಅರ್ಧವಾರ್ಷಿಕ ಪರೀಕ್ಷೆಯ ದಿನ

ನಮ್ಮ ವಿಜ್ಞಾನ ಪ್ರಶ್ನೆಪತ್ರಿಕೆ 40 ಅಂಕದ್ದು. ಸಮಯ ಒಂದೂವರೆ ತಾಸು. ಅದರಲ್ಲಿ ಜೀವಶಾಸ್ತ್ರದ ಪ್ರಶ್ನೆಗಳೇ ಹೆಚ್ಚು ಇದ್ದವು. ಒಂದು ಅಂಕದ್ದು 8, ಎರಡು ಅಂಕದ್ದು 6, ಮೂರು ಅಂಕದ್ದು 4, ನಾಲ್ಕು ಅಂಕದ್ದು 2. ನನಗೆ ಪತ್ರಿಕೆ ನೋಡಿದ ಕೂಡಲೇ ಬಹಳ ಖುಷಿ ಆಯಿತು. ಎಲ್ಲಾ ಪ್ರಶ್ನೆಗಳೂ ಓದಿದವೇ ಇದ್ದವು.

ಮೂರು ಅಂಕದ ಪ್ರಶ್ನೆಗಳಲ್ಲಿ ಒಂದು ಹೀಗಿತ್ತು: "ಹಸುವಿನಂತಹ ಮೆಲುಕು ಹಾಕುವ ಪ್ರಾಣಿಗಳಲ್ಲಿ ಸೆಲ್ಯುಲೋಸ್ ಹೇಗೆ ಜೀರ್ಣವಾಗುತ್ತದೆ?" ನಮ್ಮ ಮನೆಯಲ್ಲಿ ಗೌರಿ ಅಂತ ಆಕಳು ಇದೆ. ದಿನಾ ಮುಂಜಾನೆ ಅದಕ್ಕೆ ಕಣಕಿ ಹಾಕುವವಳು ನಾನೇ. ನನಗಿಂತ ಚೆನ್ನಾಗಿ ಈ ಉತ್ತರ ಯಾರು ಬರೆಯುತ್ತಾರೆ ಎಂದುಕೊಂಡು ಶುರು ಮಾಡಿದೆ. ಹಸು ಸಾಕುಪ್ರಾಣಿ, ಅದಕ್ಕೆ ನಾಲ್ಕು ಕಾಲು, ಎರಡು ಕೋಡು, ಅದು ಹಾಲು ಕೊಡುತ್ತದೆ, ಹಾಲಿನಿಂದ ಮೊಸರು, ಬೆಣ್ಣೆ, ತುಪ್ಪ ಆಗುತ್ತದೆ, ಅದು ಹುಲ್ಲು, ಕಣಕಿ, ಹಿಂಡಿ ತಿನ್ನುತ್ತದೆ, ಮಧ್ಯಾಹ್ನ ಗಿಡದ ನೆರಳಿಗೆ ಮಲಗಿ ಮೆಲುಕು ಹಾಕುತ್ತದೆ, ಹೀಗೆ ಬರೆಯುತ್ತಾ ಹೋದೆ. ಒಟ್ಟು 26 ಸಾಲು ಆಯಿತು. ಹೆಚ್ಚುವರಿ ಹಾಳೆ ಬೇಕು ಅಂತ ಎದ್ದು ನಿಂತು ಕೇಳಿದಾಗ ಎಲ್ಲರೂ ನನ್ನ ಕಡೆ ನೋಡಿದರು. ನನಗೆ ಹೆಮ್ಮೆ ಆಯಿತು.

ಆ ಒಂದೇ ಉತ್ತರಕ್ಕೆ 20 ನಿಮಿಷ ಹೋಗಿತ್ತು. ಗಂಟೆ ಹೊಡೆದಾಗ ನಾಲ್ಕು ಅಂಕದ ಎರಡೂ ಪ್ರಶ್ನೆ ಹಾಗೇ ಉಳಿದಿದ್ದವು. ಒಂದು ದ್ಯುತಿಸಂಶ್ಲೇಷಣೆ, ಇನ್ನೊಂದು ಮನುಷ್ಯನ ಜೀರ್ಣಾಂಗ ವ್ಯೂಹದ ಚಿತ್ರ. ಎರಡೂ ನನಗೆ ಬರುತ್ತಿದ್ದವು.

ಮನೆಗೆ ಹೋಗಿ ಅವ್ವನಿಗೆ, "ಅವ್ವಾ, ನಾ ಮೂರು ಹಾಳಿ ಹೆಚ್ಚಿಗಿ ತಗೊಂಡೆ" ಅಂತ ಹೇಳಿದೆ. ನಮ್ಮವ್ವನಿಗೆ ಓದಲು ಬರುವುದಿಲ್ಲ. ಮಗಳು ಅಷ್ಟು ಬರೆದಳಲ್ಲ ಅಂತ ಆಕೆ ಓಣಿಯಲ್ಲಿ ನಾಲ್ಕು ಮನೆಗೆ ಹೇಳಿಕೊಂಡು ಬಂದಳು. ಹದಿನೈದು ದಿನದ ಮೇಲೆ ಉತ್ತರಪತ್ರಿಕೆ ಕೊಟ್ಟರು. 40ಕ್ಕೆ 21. ಗೌರಿಯ ಉತ್ತರಕ್ಕೆ 3ಕ್ಕೆ 1.

ಅವ್ವ ಏನೂ ಬೈಯಲಿಲ್ಲ. "ಅಷ್ಟು ಬರದೀಯಲ್ಲವಾ, ಮತ್ತ ಯಾಕ ಕಮ್ಮಿ ಬಂದಾವು?" ಅಂತ ಮಾತ್ರ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬೈದಿದ್ದರೇ ಚಲೋ ಇತ್ತು ಅನಿಸಿತು.

ಸರ್ ಕೊಟ್ಟ ಕೆಂಪು ಪೆನ್ನು

ಮರುದಿನ ಸರ್ ಹತ್ತಿರ ಹೋಗಿ, "ಸರ್, ಇಷ್ಟು ಬರದೀನ್ರಿ, ಒಂದ ಅಂಕ ಯಾಕ್ರಿ?" ಅಂತ ಕೇಳಿದೆ. ಕೇಳುವಾಗ ಅಳು ಬಂದಿತ್ತು. ಸರ್, "ಕುಂಡ್ರವಾ" ಅಂದು ಕೆಂಪು ಪೆನ್ನು ನನ್ನ ಕೈಯಲ್ಲೇ ಕೊಟ್ಟರು. "ಪ್ರಶ್ನಿ ಇನ್ನೊಮ್ಮೆ ಓದು. ಆಮ್ಯಾಲ ನಿನ್ನ ಉತ್ತರದಾಗ ಆ ಪ್ರಶ್ನಿಗೆ ಸಂಬಂಧಪಟ್ಟ ಸಾಲಿಗೆ ಅಷ್ಟ ಗೆರಿ ಹಾಕು" ಅಂದರು.

ನಾನು ಓದುತ್ತಾ ಹೋದೆ. ನಾಲ್ಕು ಕಾಲು, ಎರಡು ಕೋಡು, ಇದಕ್ಕೆ ಗೆರೆ ಹಾಕಲು ಬರುವುದಿಲ್ಲ. ಹಾಲು, ಮೊಸರು, ಬೆಣ್ಣೆ, ಇದಕ್ಕೂ ಇಲ್ಲ. 26 ಸಾಲಿನಲ್ಲಿ ಗೆರೆ ಬಿದ್ದದ್ದು ಎರಡೇ ಸಾಲಿಗೆ. "ಹಸು ಹುಲ್ಲನ್ನು ಬೇಗ ಬೇಗ ನುಂಗುತ್ತದೆ" ಎಂಬುದು ಒಂದು. "ಆಮೇಲೆ ಅದನ್ನು ಬಾಯಿಗೆ ತಂದು ಅಗಿಯುತ್ತದೆ" ಎಂಬುದು ಇನ್ನೊಂದು. ಎರಡಕ್ಕೂ ಅರ್ಧರ್ಧ ಅಂಕ. ಸರ್ ಅನ್ಯಾಯ ಮಾಡಿರಲಿಲ್ಲ.

ಆಮೇಲೆ ಸರ್ ಕೇಳಿದರು: "ಸೆಲ್ಯುಲೋಸ್ ಒಡೆಯೋರು ಯಾರು?" ನಾನು ಸುಮ್ಮನೆ ನಿಂತೆ. ನನಗೆ ಗೊತ್ತಿರಲಿಲ್ಲ. ಪುಸ್ತಕದಲ್ಲಿ ಓದಿದ್ದೆ, ಆದರೆ ಮನಸ್ಸಿನಲ್ಲಿ ಉಳಿದಿರಲಿಲ್ಲ. ಆಗ ನನಗೆ ಒಂದು ವಿಷಯ ಹೊಳೆಯಿತು. ಆ ಪ್ರಶ್ನೆಯಲ್ಲಿ ಮುಖ್ಯವಾದ ಮಾತು ನನಗೆ ಗೊತ್ತಿಲ್ಲದ್ದರಿಂದಲೇ ನಾನು ಕೋಡು, ಕಾಲು, ಬೆಣ್ಣೆ ಎಲ್ಲಾ ಬರೆದೆ. ಉದ್ದ ಬರೆದು ಗೊತ್ತಿಲ್ಲದ್ದನ್ನು ಮುಚ್ಚಿದೆ. ಸರ್‌ಗೆ ಅದು ಕಂಡಿತ್ತು, ನನಗೇ ಕಂಡಿರಲಿಲ್ಲ.

ಈ ಪ್ರಶ್ನೆಗೆ ಮೂರು ಅಂಕ ಸಿಗುವ ಉತ್ತರ ಇಷ್ಟೇ:

1. ಹಸು ಹುಲ್ಲನ್ನು ಬೇಗ ನುಂಗಿ ಜಠರದ ಒಂದು ಭಾಗವಾದ ರೂಮೆನ್‌ನಲ್ಲಿ ಸಂಗ್ರಹಿಸುತ್ತದೆ.
2. ರೂಮೆನ್‌ನಲ್ಲಿರುವ ಬ್ಯಾಕ್ಟೀರಿಯಾ ಮುಂತಾದ ಸೂಕ್ಷ್ಮಜೀವಿಗಳು ಹುಲ್ಲಿನ ಸೆಲ್ಯುಲೋಸನ್ನು ಒಡೆಯುತ್ತವೆ.
3. ಅರ್ಧ ಜೀರ್ಣವಾದ ಹುಲ್ಲು ಸಣ್ಣ ಸಣ್ಣ ಉಂಡೆಗಳಾಗಿ ಮತ್ತೆ ಬಾಯಿಗೆ ಬರುತ್ತದೆ. ಹಸು ಅದನ್ನು ಚೆನ್ನಾಗಿ ಅಗಿದು ಪುನಃ ನುಂಗುತ್ತದೆ. ಇದೇ ಮೆಲುಕು ಹಾಕುವುದು.

ಆರು ಏಳು ಸಾಲು ಸಾಕು. ಸರ್ ನಕ್ಕು, "ಆ ಬ್ಯಾಕ್ಟೀರಿಯಾ ಇಲ್ಲಂದ್ರ ನಿಮ್ಮ ಗೌರಿ ಹೊಟ್ಟಿ ತುಂಬ ಹುಲ್ಲು ತಿಂದೂ ಉಪವಾಸ" ಅಂದರು. ದಿನಾ ಕಣಕಿ ಹಾಕುವ ನನಗೆ ಅದನ್ನು ಅರಗಿಸುವವರು ಯಾರು ಅಂತ ಅವತ್ತು ತಿಳಿಯಿತು. ನಾವು ಹುಲ್ಲು ತಿಂದು ಬದುಕಲು ಆಗದೇ ಇರುವುದಕ್ಕೂ ಇದೇ ಕಾರಣ. ಸೆಲ್ಯುಲೋಸನ್ನು ಅರಗಿಸುವ ವ್ಯವಸ್ಥೆ ಮನುಷ್ಯರಿಗೆ ಇಲ್ಲ.

ಕಡಿಮೆ ಬರೆದರೂ ಕಷ್ಟ

ಹಾಗಾದರೆ ಕಡಿಮೆ ಬರೆಯುವುದೇ ಸರಿ ಎಂದು ತಿಳಿಯಬೇಡಿ. ನನ್ನ ಬೆಂಚಿನ ಗೆಳತಿ ಇದೇ ಪ್ರಶ್ನೆಗೆ, "ಹಸು ಮೆಲುಕು ಹಾಕುತ್ತದೆ, ಅದರಿಂದ ಜೀರ್ಣವಾಗುತ್ತದೆ" ಅಂತ ಒಂದೇ ಸಾಲು ಬರೆದಿದ್ದಳು. ಅವಳಿಗೆ ಅರ್ಧ ಅಂಕ ಬಂತು. ಅವಳು ಬುದ್ಧಿವಂತೆ. ಬ್ಯಾಕ್ಟೀರಿಯಾದ ವಿಷಯ ಅವಳಿಗೆ ಗೊತ್ತಿತ್ತು. "ಸರ್‌ಗೆ ಗೊತ್ತ ಐತೆಲ್ಲ, ಮತ್ತ ಯಾಕ ಬರೀಬೇಕು ಅಂದ್ಕೊಂಡೆ" ಅಂದಳು. ಸರ್‌ಗೆ ಗೊತ್ತಿದೆ ನಿಜ. ಆದರೆ ನಮಗೆ ಗೊತ್ತಿದೆಯೋ ಇಲ್ಲವೋ ಅನ್ನುವುದು ಹಾಳೆಯ ಮೇಲೆ ಇದ್ದರೆ ಮಾತ್ರ ಅವರಿಗೆ ತಿಳಿಯುತ್ತದೆ.

ನಾನು 26 ಸಾಲು, ಅವಳು ಒಂದು ಸಾಲು. ಇಬ್ಬರದೂ ತಪ್ಪು ಒಂದೇ. ಪ್ರಶ್ನೆ ಎಷ್ಟು ಕೇಳುತ್ತದೆ ಎಂದು ಇಬ್ಬರೂ ನೋಡಿರಲಿಲ್ಲ.

ಅಂಕ ನೋಡಿ ಅಂಶ ಎಣಿಸಬೇಕು

ನಮ್ಮ ಅಕ್ಕ ಎಸ್.ಎಸ್.ಎಲ್.ಸಿ. ಮುಗಿಸಿದ್ದಾಳೆ. ಆ ಪರೀಕ್ಷೆಯಲ್ಲಿ ವಿಜ್ಞಾನ ಪತ್ರಿಕೆ 80 ಅಂಕದ್ದು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಒಂದೇ ಪತ್ರಿಕೆಯಲ್ಲಿ ಇರುತ್ತವೆ. ಪರೀಕ್ಷೆ ಆದ ಮೇಲೆ ಮಂಡಳಿಯವರು ಮಾದರಿ ಉತ್ತರಗಳನ್ನು ಪ್ರಕಟಿಸುತ್ತಾರೆ. ಅಕ್ಕ ಅದನ್ನು ತೋರಿಸಿದಳು. ಅದರಲ್ಲಿ ಉತ್ತರದ ಒಂದೊಂದು ಅಂಶದ ಮುಂದೆ ½ ಅಥವಾ 1 ಅಂತ ಅಂಕ ಹಾಕಿರುತ್ತಾರೆ. ಎಷ್ಟು ಸಾಲು ಬರೆಯಬೇಕು ಅಂತ ಎಲ್ಲೂ ಇಲ್ಲ. ಅಂಕ ಅಂಶಕ್ಕೆ, ಸಾಲಿಗೆ ಅಲ್ಲ.

ಆದ್ದರಿಂದ ಪ್ರಶ್ನೆಯ ಬಲಗಡೆ ಇರುವ ಅಂಕವನ್ನು ಮೊದಲು ನೋಡಬೇಕು. ಮೂರು ಅಂಕ ಇದ್ದರೆ ಕಡಿಮೆ ಎಂದರೂ ಮೂರು ಅಂಶ ಇರಬೇಕು. ನಾನು ಈಗ ಹೀಗೆ ಮಾಡುತ್ತೇನೆ:

ಒಂದು ಅಂಕಕ್ಕೆ: ಒಂದು ಪದ ಅಥವಾ ಒಂದು ಪೂರ್ಣ ವಾಕ್ಯ.
ಎರಡು ಅಂಕಕ್ಕೆ: ಎರಡು ಅಂಶ, ಮೂರು ನಾಲ್ಕು ಸಾಲು.
ಮೂರು ಅಂಕಕ್ಕೆ: ಮೂರು ಅಂಶ, ಆರು ಏಳು ಸಾಲು.
ನಾಲ್ಕು ಅಂಕಕ್ಕೆ: ನಾಲ್ಕು ಅಂಶ, ಎಂಟು ಹತ್ತು ಸಾಲು, ಅಥವಾ ಚಿತ್ರ ಮತ್ತು ಭಾಗಗಳು.

ಅಕ್ಷರ ದಪ್ಪ ಇದ್ದವರಿಗೆ ಸಾಲು ಹೆಚ್ಚು ಆಗಬಹುದು. ಅಂಶ ಮಾತ್ರ ಅಷ್ಟೇ ಇರಬೇಕು.

ಪ್ರಶ್ನೆಯ ಕೊನೆಯ ಪದವನ್ನೂ ನೋಡಬೇಕು

ಅಂಕ ನೋಡಿದರೆ ಸಾಲದು. ಪ್ರಶ್ನೆ ನಮಗೆ ಏನು ಮಾಡು ಎನ್ನುತ್ತದೆ ಎಂದೂ ನೋಡಬೇಕು. ಅದು ಹೆಚ್ಚಾಗಿ ಕೊನೆಯ ಪದದಲ್ಲಿ ಇರುತ್ತದೆ.

"ಹೆಸರಿಸಿ" ಎಂದರೆ ಹೆಸರು ಮಾತ್ರ. "ಎಲೆಗಳಲ್ಲಿರುವ ಹಸಿರು ವರ್ಣಕವನ್ನು ಹೆಸರಿಸಿ" ಎಂದರೆ "ಪತ್ರಹರಿತ್ತು" ಎಂದು ಬರೆದು ಮುಂದೆ ಹೋಗಬೇಕು. ಅದು ಏನು ಕೆಲಸ ಮಾಡುತ್ತದೆ ಎಂದು ನಾಲ್ಕು ಸಾಲು ಬರೆದರೂ ಅಂಕ ಒಂದೇ.

"ವ್ಯತ್ಯಾಸ ತಿಳಿಸಿ" ಎಂದರೆ ನಡುವೆ ಗೆರೆ ಹಾಕಿ ಎರಡೂ ಕಡೆ ಜೋಡಿಯಾಗಿ ಬರೆಯಬೇಕು. ಅಪಧಮನಿ ಮತ್ತು ಅಭಿಧಮನಿಗೆ ಎರಡು ಅಂಕ ಇದ್ದರೆ ಎರಡು ಜೋಡಿ. ಅಪಧಮನಿ ಹೃದಯದಿಂದ ರಕ್ತವನ್ನು ಹೊರಗೆ ಒಯ್ಯುತ್ತದೆ, ಅಭಿಧಮನಿ ರಕ್ತವನ್ನು ಹೃದಯಕ್ಕೆ ತರುತ್ತದೆ. ಅಪಧಮನಿಯ ಗೋಡೆ ದಪ್ಪ, ಅಭಿಧಮನಿಯ ಗೋಡೆ ತೆಳು. ಇಷ್ಟಕ್ಕೇ ಎರಡು ಅಂಕ. ನಮ್ಮಲ್ಲಿ ಕೆಲವರು ಮೊದಲು ಅಪಧಮನಿ ಬಗ್ಗೆ ಅರ್ಧ ಪುಟ, ಆಮೇಲೆ ಅಭಿಧಮನಿ ಬಗ್ಗೆ ಅರ್ಧ ಪುಟ ಬರೆಯುತ್ತೇವೆ. ಅದರಲ್ಲಿ ವ್ಯತ್ಯಾಸ ಯಾವುದು ಅಂತ ಸರ್ ಹುಡುಕಬೇಕಾಗುತ್ತದೆ. ಎಡಗಡೆ ಗೋಡೆಯ ಬಗ್ಗೆ ಬರೆದರೆ ಬಲಗಡೆಯೂ ಗೋಡೆಯ ಬಗ್ಗೆಯೇ ಬರೆಯಬೇಕು.

"ಕಾರಣ ಕೊಡಿ" ಎಂದರೆ ಒಂದರಿಂದ ಒಂದು ಹೇಗೆ ಆಗುತ್ತದೆ ಎಂದು ಸರಪಳಿಯ ಹಾಗೆ ಬರೆಯಬೇಕು. "ಓಡಿದಾಗ ನಾವು ವೇಗವಾಗಿ ಉಸಿರಾಡುತ್ತೇವೆ. ಕಾರಣ ಕೊಡಿ." ನಾವು ಖೋ ಖೋ ಆಡಿ ಬಂದಾಗ ಏದುಸಿರು ಬರುತ್ತದಲ್ಲ, ಅದೇ. "ಓಡಿದ್ದರಿಂದ ದಣಿವಾಗುತ್ತದೆ" ಎಂದು ಬರೆದರೆ ಅದು ಕಾರಣ ಅಲ್ಲ, ಪ್ರಶ್ನೆಯನ್ನೇ ತಿರುಗಿಸಿ ಬರೆದ ಹಾಗೆ. ಓಡುವಾಗ ಸ್ನಾಯುಗಳಿಗೆ ಹೆಚ್ಚು ಶಕ್ತಿ ಬೇಕು. ಶಕ್ತಿ ಬಿಡುಗಡೆಯಾಗಲು ಹೆಚ್ಚು ಆಕ್ಸಿಜನ್ ಬೇಕು. ಹೆಚ್ಚು ಆಕ್ಸಿಜನ್ ಒಳಗೆ ತೆಗೆದುಕೊಳ್ಳಲು ಮತ್ತು ಹೆಚ್ಚಾದ ಕಾರ್ಬನ್ ಡೈಆಕ್ಸೈಡನ್ನು ಹೊರಗೆ ಹಾಕಲು ಉಸಿರಾಟದ ದರ ಹೆಚ್ಚುತ್ತದೆ. ಈ ಸರಪಳಿಯಲ್ಲಿ ನಡುವಿನ ಕೊಂಡಿ ಬಿಟ್ಟರೆ ಅಲ್ಲೇ ಅಂಕ ಹೋಗುತ್ತದೆ.

"ವಿವರಿಸಿ" ಎಂದರೆ ನಮಗೆ ಬಹಳ ಮೋಸ ಆಗುವ ಪದ. ವಿವರಿಸಿ ಎಂದ ಕೂಡಲೇ ಎಲ್ಲಾ ಬರೆಯಬೇಕು ಅನಿಸುತ್ತದೆ. ಅಲ್ಲ, ಅಂಕಕ್ಕೆ ತಕ್ಕಷ್ಟು. ನಾನು ಬಿಟ್ಟು ಬಂದ ದ್ಯುತಿಸಂಶ್ಲೇಷಣೆಯನ್ನೇ ನೋಡಿ. ನಾಲ್ಕು ಅಂಕಕ್ಕೆ ಹೀಗೆ ನಾಲ್ಕು ಅಂಶ: ಹಸಿರು ಸಸ್ಯಗಳು ಸೂರ್ಯನ ಬೆಳಕಿನಲ್ಲಿ ತಮ್ಮ ಆಹಾರ ತಾವೇ ತಯಾರಿಸಿಕೊಳ್ಳುವ ಕ್ರಿಯೆ ಇದು. ನೀರು ಬೇರಿನಿಂದ ಬರುತ್ತದೆ, ಕಾರ್ಬನ್ ಡೈಆಕ್ಸೈಡ್ ಎಲೆಯ ಪತ್ರರಂಧ್ರಗಳ ಮೂಲಕ ಒಳಗೆ ಬರುತ್ತದೆ. ಎಲೆಯ ಪತ್ರಹರಿತ್ತು ಬೆಳಕಿನ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಕೊನೆಗೆ ಕಾರ್ಬೋಹೈಡ್ರೇಟ್ ತಯಾರಾಗಿ ಆಕ್ಸಿಜನ್ ಹೊರಬರುತ್ತದೆ. ಕೆಳಗೆ ಸಮೀಕರಣವನ್ನು ಒಂದು ಸಾಲಿನಲ್ಲಿ ಬರೆದರೆ ಚಲೋ:

ಕಾರ್ಬನ್ ಡೈಆಕ್ಸೈಡ್ + ನೀರು → ಕಾರ್ಬೋಹೈಡ್ರೇಟ್ + ಆಕ್ಸಿಜನ್

ಬಾಣದ ಗುರುತಿನ ಮೇಲೆ "ಸೂರ್ಯನ ಬೆಳಕು", ಕೆಳಗೆ "ಪತ್ರಹರಿತ್ತು" ಎಂದು ಬರೆಯುವುದನ್ನು ಮರೆಯಬಾರದು. ಮರಗಳು ನಮ್ಮ ಮಿತ್ರರು, ಅವುಗಳನ್ನು ಕಡಿಯಬಾರದು ಎಂಬುದು ನಿಜವಾದ ಮಾತು. ಅದು ಪ್ರಬಂಧಕ್ಕೆ ಬೇಕು, ಈ ಪ್ರಶ್ನೆಗೆ ಬೇಡ.

"ಚಿತ್ರ ಬರೆದು ಭಾಗಗಳನ್ನು ಗುರುತಿಸಿ" ಎಂದರೆ ಪೆನ್ಸಿಲ್ಲಿನಿಂದ ಸ್ವಚ್ಛ ಚಿತ್ರ, ನೇರ ಗೆರೆ, ಭಾಗದ ಹೆಸರು. ಬಣ್ಣ ತುಂಬುತ್ತಾ ಕೂತರೆ ಹೊತ್ತು ಹೋಗುತ್ತದೆ. ಜೀರ್ಣಾಂಗ ವ್ಯೂಹದ ಚಿತ್ರದಲ್ಲಿ ಸಣ್ಣ ಕರುಳನ್ನು ಸುರುಳಿ ಸುರುಳಿಯಾಗಿ ತೋರಿಸಬೇಕು. ಹೆಸರು ಸಣ್ಣ ಕರುಳು ಆದರೂ ಅದು 6ರಿಂದ 7 ಮೀಟರ್ ಉದ್ದ ಇರುತ್ತದೆ. ಅಗಲ ಕಡಿಮೆ ಇರುವುದರಿಂದ ಅದಕ್ಕೆ ಆ ಹೆಸರು. ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಮಾತ್ರ. "ಭಾಗಗಳನ್ನು ಗುರುತಿಸಿ" ಎಂದಿದ್ದರೆ ಇದನ್ನೆಲ್ಲ ಬರೆಯುವ ಅಗತ್ಯವಿಲ್ಲ. "ಸಣ್ಣ ಕರುಳಿನ ಬಗ್ಗೆ ಬರೆಯಿರಿ" ಎಂದಿದ್ದರೆ ಬರೆಯಬೇಕು.

ಗಡಿಯಾರದ ಲೆಕ್ಕ

ನಮ್ಮ ಪರೀಕ್ಷೆಗೆ 90 ನಿಮಿಷ. ಪತ್ರಿಕೆ ಓದಲು 5 ನಿಮಿಷ, ಕೊನೆಗೆ ತಿರುಗಿ ನೋಡಲು 5 ನಿಮಿಷ ತೆಗೆದರೆ ಉಳಿಯುವುದು 80 ನಿಮಿಷ. ಅಂಕ 40. ಅಂದರೆ ಒಂದು ಅಂಕಕ್ಕೆ 2 ನಿಮಿಷ. ಮೂರು ಅಂಕದ ಉತ್ತರಕ್ಕೆ 6 ನಿಮಿಷ. ನಾನು ಗೌರಿಗೆ ಕೊಟ್ಟದ್ದು 20 ನಿಮಿಷ. ಹೆಚ್ಚಿಗೆ ಹೋದ 14 ನಿಮಿಷದಲ್ಲಿ ನಾಲ್ಕು ಅಂಕದ ಒಂದು ಪ್ರಶ್ನೆ ಪೂರ್ತಿ, ಇನ್ನೊಂದು ಮುಕ್ಕಾಲು ಭಾಗ ಬರೆಯಬಹುದಿತ್ತು. ಎಸ್.ಎಸ್.ಎಲ್.ಸಿ.ಯಲ್ಲಿ ಓದುವುದಕ್ಕೆ 15 ನಿಮಿಷ ಬೇರೆ ಕೊಟ್ಟು, 80 ಅಂಕಕ್ಕೆ 3 ತಾಸು ಇರುತ್ತದೆ. ಅಲ್ಲೂ ಒಂದು ಅಂಕಕ್ಕೆ ಎರಡೂಕಾಲು ನಿಮಿಷ ಮಾತ್ರ. ಹಾಗಾಗಿ ಈ ರೂಢಿ ಈಗಿನಿಂದಲೇ ಬೇಕು ಅಂತ ಅಕ್ಕ ಹೇಳಿದಳು.

ಅವ್ವ ಹೇಳಿದ ಮಾತು

ಇದನ್ನೆಲ್ಲ ಅವ್ವನಿಗೆ ಹೇಳಿದೆ. ಆಕೆ ಆಗ ರೊಟ್ಟಿ ಮಾಡುತ್ತಿದ್ದಳು. ಕೇಳಿ, "ಎಷ್ಟು ಮಂದಿ ಉಣ್ಣಾಕ ಬರ್ತಾರ ಅಂತ ಕೇಳೇ ನಾ ಹಿಟ್ಟು ನಾದತೀನಿ. ನೀ ಕೇಳದ ನಾದೀದಿ ನೋಡು" ಅಂದಳು. ನನಗೆ ನಗು ಬಂತು. ಸರ್ ಒಂದು ತಾಸು ಹೇಳಿದ್ದನ್ನು ಅವ್ವ ಒಂದು ಮಾತಿನಲ್ಲಿ ಹೇಳಿದಳು.

ಆಮೇಲೆ ನಾನು ದಿನಾ ಒಂದು ಪ್ರಶ್ನೆ ತೆಗೆದುಕೊಂಡು ಉತ್ತರ ಬರೆದು, ನಾನೇ ಕೆಂಪು ಪೆನ್ನಿನಿಂದ ಗೆರೆ ಹಾಕುತ್ತೇನೆ. ಗೆರೆ ಬೀಳದ ಸಾಲನ್ನು ತೆಗೆಯುತ್ತೇನೆ. ತೆಗೆದ ಮೇಲೆ ಅಂಶ ಕಡಿಮೆ ಬಿದ್ದರೆ, ಆ ಪಾಠ ನನಗೆ ಇನ್ನೂ ಬಂದಿಲ್ಲ ಎಂದು ಅರ್ಥ. ಆಗ ಪುಸ್ತಕ ತೆಗೆದು ಅಷ್ಟೇ ಭಾಗವನ್ನು ಮತ್ತೆ ಓದುತ್ತೇನೆ. ಹೀಗೆ ಮಾಡಿದ್ದರಿಂದ ಯಾವುದು ಗೊತ್ತು, ಯಾವುದು ಗೊತ್ತಿಲ್ಲ ಅಂತ ಪರೀಕ್ಷೆಗೆ ಮೊದಲೇ ತಿಳಿಯುತ್ತದೆ.

ಕಳೆದ ತಿಂಗಳ ಕಿರುಪರೀಕ್ಷೆ 15 ಅಂಕದ್ದು. ನಾನು ಎಲ್ಲಾ ಪ್ರಶ್ನೆಗೂ ಉತ್ತರ ಬರೆದೆ. ಒಂದೂವರೆ ಪುಟದಲ್ಲಿ ಮುಗಿಯಿತು. 13 ಬಂತು. ಹೋದ ಎರಡು ಅಂಕದಲ್ಲಿ ಒಂದು ಅಂಕ ಕಡಿಮೆ ಬರೆದಿದ್ದಕ್ಕೇ ಹೋಯಿತು. "ಪತ್ರರಂಧ್ರಗಳ ಎರಡು ಕಾರ್ಯ ತಿಳಿಸಿ" ಎಂಬುದಕ್ಕೆ ಅನಿಲಗಳ ವಿನಿಮಯ ಒಂದನ್ನೇ ಬರೆದು, ಬಾಷ್ಪವಿಸರ್ಜನೆಯನ್ನು ಬಿಟ್ಟಿದ್ದೆ. ಚಿಕ್ಕದಾಗಿ ಬರೆಯುವ ಭರದಲ್ಲಿ "ಎರಡು" ಎಂಬ ಪದವನ್ನೇ ನೋಡಿರಲಿಲ್ಲ. ಇನ್ನು ಮೇಲೆ ಅದನ್ನೂ ನೋಡುತ್ತೇನೆ.

ಉತ್ತರಪತ್ರಿಕೆ ಮನೆಗೆ ಒಯ್ದಾಗ ಅವ್ವ ತಿರುವಿ ನೋಡಿ, "ಈ ಸಲ ಹಾಳಿ ಹೆಚ್ಚಿಗಿ ತಗೊಂಡಿಲ್ಲೇನವಾ?" ಅಂತ ಕೇಳಿದಳು. "ಇಲ್ಲವ್ವಾ, ಈ ಸಲ ಮಂದಿ ಎಣಿಸಿ ಹಿಟ್ಟು ನಾದೀನಿ" ಅಂದೆ.

ಗೆಳೆಯ ಗೆಳತಿಯರೇ, ವಾರ್ಷಿಕ ಪರೀಕ್ಷೆ ಹತ್ತಿರ ಬಂದಿದೆ. ಹಳೆಯ ಉತ್ತರಪತ್ರಿಕೆ ಇದ್ದರೆ ನೀವೂ ಒಂದು ಉತ್ತರಕ್ಕೆ ಕೆಂಪು ಗೆರೆ ಹಾಕಿ ನೋಡಿರಿ. ನನ್ನ ಲೇಖನದಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕೆಂದು ವಿನಂತಿ. ಈ ಲೇಖನವೇ ಉದ್ದ ಆಯಿತು ಎಂದು ನಗಬೇಡಿರಿ, ಇದಕ್ಕೆ ಅಂಕ ಇಲ್ಲ.

ಇಂತಿ,
7ನೇ ತರಗತಿಯ ವಿದ್ಯಾರ್ಥಿನಿ